ಊರಿಗೆ ಬರುವ ತಜ್ಞರ ಮಾತು ಊರಿನವರ ಕೈಯಲ್ಲಿ ಉಳಿಯಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ, ಮುಳಬಾಗಿಲು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ತಿಂಗಳಿಗೊಮ್ಮೆ ಒಂದು ಕ್ಷೇತ್ರದ ತಜ್ಞರೊಬ್ಬರನ್ನು ಕರೆಸಿ, ಊರಿನವರ ಮುಂದೆ ಮಾತನಾಡಿಸುವ ಏರ್ಪಾಡು ಮಾಡಿಕೊಂಡಿದ್ದೇವೆ. ವೈದ್ಯರು, ಪಶುವೈದ್ಯರು, ಭೂವಿಜ್ಞಾನಿಗಳು, ಕಂದಾಯ ಕಾನೂನು ಬಲ್ಲ ವಕೀಲರು ಬಂದುಹೋಗಿದ್ದಾರೆ. ಬಂದವರೆಲ್ಲರೂ ತಮ್ಮ ವಿಷಯವನ್ನು ಚೆನ್ನಾಗಿ ತಿಳಿದವರು, ಸಂಭಾವನೆಯನ್ನೂ ನಿರೀಕ್ಷಿಸದೆ ಬಂದವರು. ಸಭೆಗೆ ಜನರೂ ಸೇರುತ್ತಾರೆ, ಕೊನೆಯವರೆಗೆ ಕುಳಿತು ಕೇಳುತ್ತಾರೆ.

ನನ್ನ ತೊಡಕು ಆನಂತರದ್ದು. ಅಂತರ್ಜಲದ ಬಗ್ಗೆ ಒಬ್ಬರು ಒಂದು ಗಂಟೆ ಕಾಲ ಸೊಗಸಾಗಿ ಮಾತನಾಡಿದರು. ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ್ದ ರೈತರೊಬ್ಬರು ಕೆಲವೇ ದಿನಗಳಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸಿ ಕೊಳವೆಬಾವಿಗೆ ಪಾಯಿಂಟ್ ಮಾಡಿಸಿದರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಲಕ್ಷಗಟ್ಟಲೆ ಸಾಲ ತೆಗೆದು ಕೊರೆಸುವವರಿಗೆ ಇಂಥ ಕಡೆ ಕೊರೆಸಿ ಎಂದು ಯಾರಾದರೂ ಹೇಳಲೇಬೇಕಲ್ಲ. ಆದರೂ ತಜ್ಞರ ಮಾತು ಸಭೆಯ ಚಪ್ಪಾಳೆಯೊಂದಿಗೆ ಮುಗಿದುಹೋಗುತ್ತಿದೆಯೇನೋ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ. ಉಪನ್ಯಾಸ ನೀಡಿದ ಅನುಭವವಿರುವವರು, ಕೇಳಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಬರುವವರಿಗೆ ನಾವು ಮೊದಲೇ ಏನು ಹೇಳಿಡಬೇಕು? ಸಭೆಯನ್ನು ಹೇಗೆ ನಡೆಸಬೇಕು?

ಉತ್ತರ: ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಬೆಂಗಳೂರು

ಮೇಡಂ, ನಿಮ್ಮ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರ ಸುಮಾರಿಗೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ನಡೆದು ನಿಂತಿತು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಆ ಮಾತುಗಳು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಅಚ್ಚಾದವು. ಹಳೆಯ ಗ್ರಂಥಾಲಯಗಳ ಅಟ್ಟದಲ್ಲಿ ಅವು ಇಂದಿಗೂ ಸಿಗುತ್ತವೆ.

ಆದರೆ ನಿಮ್ಮ ಕೆಲಸಕ್ಕೆ ಹೆಚ್ಚು ಹತ್ತಿರವಾದದ್ದು ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ. ಬುಧವಾರ ಸಂಜೆ ಉಪನ್ಯಾಸವೆಂದರೆ ಬುಧವಾರ ಸಂಜೆಯೇ. ವಿಜ್ಞಾನ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದವರು ಅಲ್ಲಿಗೆ ಬಂದು, ಯಾರು ಬೇಕಾದರೂ ಒಳಗೆ ಬಂದು ಕೂರಬಹುದಾದ ಸಭೆಯ ಮುಂದೆ ಮಾತನಾಡುತ್ತಿದ್ದರು. ಆ ವೇದಿಕೆ ದಶಕಗಳ ಕಾಲ ಬಾಳಲು ದೊಡ್ಡ ಹೆಸರಿನ ಭಾಷಣಕಾರರಿಗಿಂತಲೂ ಅದರ ನಿಯಮಿತತೆಯೇ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಕೇಳುಗರಿಗೆ ಅದು ಅಭ್ಯಾಸವಾಯಿತು. ಅಭ್ಯಾಸವಾದ ಕೇಳುಗರು ಪ್ರಶ್ನೆ ಕೇಳಲು ಹೆದರಲಿಲ್ಲ. ಆದ್ದರಿಂದ ತಿಂಗಳಿನ ಒಂದು ದಿನವನ್ನು ಗಟ್ಟಿಮಾಡಿಕೊಳ್ಳಿ, ಹಾಲಿನ ಡೇರಿಗೆ ಹೋಗಿಬರುವ ಹೊತ್ತನ್ನು ಬಿಟ್ಟು ಸಮಯವಿಡಿ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ ತುರಾಯಿ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಇವೆಲ್ಲ ಸೇರಿ ಮುಕ್ಕಾಲು ಗಂಟೆ ನುಂಗಿದರೆ, ಕಡಿತವಾಗುವುದು ಯಾವಾಗಲೂ ಪ್ರಶ್ನೋತ್ತರದ ಸಮಯವೇ. ತಜ್ಞರು ಇಪ್ಪತ್ತು ನಿಮಿಷ ಮಾತನಾಡಲಿ, ನಲವತ್ತು ನಿಮಿಷ ಪ್ರಶ್ನೆಗಳನ್ನು ಎದುರಿಸಲಿ. ಸಿದ್ಧ ಭಾಷಣವನ್ನು ಯಾರು ಬೇಕಾದರೂ ಓದಿ ಹೇಳಬಹುದು. ಎದುರಿಗಿರುವವರು ಎಲ್ಲಿಂದಲೋ ಎಸೆದ ಪ್ರಶ್ನೆಗೆ ಉತ್ತರಿಸಲು ಮಾತ್ರ ವಿಷಯ ಬಲ್ಲವರೇ ಬೇಕು.

ಉತ್ತರ: ಅಂತರ್ಜಲ ಕ್ಷೇತ್ರದಲ್ಲಿ ಕೆಲಸ ಮಾಡಿದ ಭೂವಿಜ್ಞಾನಿ, ಕೋಲಾರ

ನಾನೂ ಇಂಥ ಸಭೆಗಳಲ್ಲಿ ಮಾತನಾಡಿದವನು, ಆದ್ದರಿಂದ ತೆಂಗಿನಕಾಯಿಯ ವಿಷಯಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ರೈತರು ನಮ್ಮ ಮಾತನ್ನು ನಂಬುವುದಿಲ್ಲ ಎಂದು ಹೇಳುವುದು ಪೂರ್ತಿ ಸರಿಯಲ್ಲ. ನಾವು ಸಂಭವದ ಭಾಷೆಯಲ್ಲಿ ಮಾತನಾಡುತ್ತೇವೆ, ತೆಂಗಿನಕಾಯಿಯವರು ನೆಲಕ್ಕೆ ಕಲ್ಲು ನೆಟ್ಟು ಜಾಗ ತೋರಿಸುತ್ತಾರೆ. ಅವರು ತೋರಿಸಿದಲ್ಲಿ ನೀರು ಸಿಗುತ್ತದೆ ಎಂಬ ಹೆಸರು ಬಂದದ್ದಕ್ಕೂ ಕಾರಣವಿದೆ. ನಮ್ಮ ಜಿಲ್ಲೆಯ ನೆಲದಡಿಯಲ್ಲಿರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಶಿಲೆ. ಇದರ ಮೇಲ್ಪದರ ಶಿಥಿಲಗೊಂಡು ಪುಡಿಪುಡಿಯಾಗಿದ್ದು, ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆರೆದ ಬಾವಿಗಳ ಕಾಲದಲ್ಲಿ ಆ ಪದರದಲ್ಲೇ ನೀರು ತುಂಬಿದ್ದರಿಂದ ಎಲ್ಲಿ ತೋಡಿದರೂ ಒಂದಿಷ್ಟು ಸಿಗುತ್ತಿತ್ತು, ಯಾರು ಜಾಗ ತೋರಿಸಿದರೂ ಅವರ ಮಾತು ನಿಜವಾಗುತ್ತಿತ್ತು. ಈಗ ಆ ಪದರ ಬಹಳ ಕಡೆ ಒಣಗಿದೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಹೀಗಾಗಿ ಒಂದು ಬಾವಿಯಲ್ಲಿ ಎರಡು ಇಂಚು ನೀರು ಬಂದರೆ, ಐವತ್ತು ಅಡಿ ಆಚೆ ಕೊರೆಸಿದ್ದರಲ್ಲಿ ಬರೀ ದೂಳು ಏಳಬಹುದು.

ಇದನ್ನೇ ನಾನು ಪಾಠದಂತೆ ಹೇಳಿದಾಗ ಸಭೆ ಮೌನವಾಗಿ ಕೇಳುತ್ತಿತ್ತು. ಆಮೇಲೆ ಕ್ರಮ ಬದಲಿಸಿದೆ. ಮೊದಲು ನಾನೇ ಕೇಳುತ್ತೇನೆ: ನಿಮ್ಮ ಬೋರ್‌ಗೆ ಎಷ್ಟು ಅಡಿ ಕೇಸಿಂಗ್ ಇಳಿಯಿತು? ಇದನ್ನು ತಿಳಿಯದ ರೈತರಿಲ್ಲ, ಏಕೆಂದರೆ ಅಡಿ ಲೆಕ್ಕದಲ್ಲಿ ಹಣ ಕೊಟ್ಟವರು ಅವರೇ. ಕೇಸಿಂಗ್ ಪೈಪನ್ನು ಇಳಿಸುವುದು ಗಟ್ಟಿ ಬಂಡೆ ತಾಗುವವರೆಗೆ. ಅಂದರೆ ಆ ಅಡಿಯ ಲೆಕ್ಕವೇ ಶಿಥಿಲ ಪದರದ ದಪ್ಪ. ಹತ್ತು ಜನ ಹೇಳಿದ ಅಂಕಿಗಳನ್ನು ಹಲಗೆಯ ಮೇಲೆ ಊರಿನ ನಕಾಶೆಯಲ್ಲಿ ಗುರುತಿಸಿದರೆ, ಯಾವ ಕಡೆ ಪದರ ದಪ್ಪ, ಯಾವ ಕಡೆ ತೆಳು, ಕೆರೆಯ ಕೆಳಗಿನ ಬಯಲಿನಲ್ಲಿ ಏನಾಗಿದೆ ಎಂಬುದು ಅವರ ಕಣ್ಣೆದುರೇ ಮೂಡುತ್ತದೆ. ಎಲ್ಲಿ ಇಂಗುಗುಂಡಿ ಮಾಡಿದರೆ ಪ್ರಯೋಜನ ಎಂಬ ಮಾತು ಆಗ ಸಭೆಯಿಂದಲೇ ಹೊರಡುತ್ತದೆ. ಭೂವಿಜ್ಞಾನದ ಮುಕ್ಕಾಲು ಪಾಲು ಮಾಹಿತಿ ರೈತರ ಬಳಿಯೇ ಇರುತ್ತದೆ. ಅದನ್ನು ಒಂದೆಡೆ ಜೋಡಿಸಿ ಓದುವ ಕ್ರಮವಷ್ಟೇ ನಮ್ಮದು.

ನಮ್ಮ ಉಪಕರಣದ ಮಿತಿಯನ್ನೂ ನಾನು ಬಿಚ್ಚಿ ಹೇಳುತ್ತೇನೆ. ನೆಲಕ್ಕೆ ನಾಲ್ಕು ಕಂಬಿ ಊರಿ, ಹೊರಗಿನ ಎರಡರ ಮೂಲಕ ವಿದ್ಯುತ್ ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ನೀರು ತುಂಬಿದ ಶಿಥಿಲ ಶಿಲೆ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ, ಒಣ ಬಂಡೆ ತಡೆಯುತ್ತದೆ. ಆದರೆ ಜೇಡಿಮಣ್ಣೂ ನೀರಿನಂತೆಯೇ ತೋರಿ ದಾರಿ ತಪ್ಪಿಸಬಲ್ಲದು. ಸಾವಿರ ಅಡಿಯಲ್ಲಿರುವ ತೆಳ್ಳನೆಯ ಬಿರುಕು ಈ ಅಳತೆಗೆ ಕಾಣುವುದೇ ಇಲ್ಲ. ಇದನ್ನು ಮುಚ್ಚಿಟ್ಟು ಜಂಬ ಕೊಚ್ಚಿಕೊಂಡರೆ ಮೊದಲ ಬಾವಿ ವಿಫಲವಾದ ದಿನವೇ ನಮ್ಮ ಮಾತಿನ ಬೆಲೆ ಹೋಗುತ್ತದೆ.

ನಿಮ್ಮ ಕೇಂದ್ರಕ್ಕೆ ನನ್ನ ಸಲಹೆ ಇಷ್ಟು. ಊರಿನ ಪ್ರತಿ ಕೊಳವೆಬಾವಿಗೂ ಒಂದು ಪುಟದಂತೆ ದಪ್ಪ ನೋಟ್‌ಬುಕ್ ಇಡಿ: ಕೊರೆಸಿದ ವರ್ಷ, ಆಳ, ಕೇಸಿಂಗ್, ಯಾವ ಅಡಿಯಲ್ಲಿ ನೀರು ಸಿಕ್ಕಿತು, ಎಷ್ಟು ಇಂಚು, ಯಾವಾಗ ಬತ್ತಿತು. ಬಳಕೆಯಿಲ್ಲದ ಬಾವಿಯೊಂದರ ನೀರಿನ ಮಟ್ಟವನ್ನು ಮಳೆಗಾಲದ ಮುಂಚೆ ಮೇ ತಿಂಗಳಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಅಳೆದು ಬರೆಯಿರಿ. ಪ್ರೌಢಶಾಲೆಯ ಮಕ್ಕಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆಯ ಫಲಿತಾಂಶವನ್ನೂ ಅದರಲ್ಲೇ ಅಂಟಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.

ಉತ್ತರ: ತಾಲ್ಲೂಕು ಆಸ್ಪತ್ರೆಯ ವೈದ್ಯೆ, ಹಾಸನ ಜಿಲ್ಲೆ

ಭೂವಿಜ್ಞಾನಿ ಸರ್ ಹೇಳಿದ ಕ್ರಮವನ್ನು ನಾನು ಒಪ್ಪುತ್ತೇನೆ. ವೈದ್ಯರ ಉಪನ್ಯಾಸಗಳಲ್ಲಿ ಇನ್ನೊಂದು ದೋಷವಿದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಹಾರ, ವ್ಯಾಯಾಮ, ಮಾನಸಿಕ ಆರೋಗ್ಯ ಎಲ್ಲವನ್ನೂ ಒಂದೇ ಸಂಜೆಗೆ ತುಂಬುತ್ತೇವೆ. ಮನೆಗೆ ಹೋಗುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ನಾನು ಈಗ ಹಳ್ಳಿಗೆ ಹೋದರೆ ಒಂದೇ ವಿಷಯ ಮಾತನಾಡುತ್ತೇನೆ. ಮಳೆಗಾಲಕ್ಕೆ ಮುಂಚೆ ಆ ವಿಷಯ ಹಾವಿನ ಕಡಿತ.

ಹೇಳುವುದು ಹೀಗೆ. ನಮ್ಮಲ್ಲಿ ಹೆಚ್ಚಿನ ಅಪಾಯ ತರುವವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು. ಆಸ್ಪತ್ರೆಯಲ್ಲಿರುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ, ಆದ್ದರಿಂದ ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ಬಿಗಿಯಾಗಿ ಹಗ್ಗ ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಕಡಿದ ಕಾಲನ್ನು ಮುರಿದ ಕಾಲಿನಂತೆ ಅಲುಗಾಡದ ಹಾಗೆ ಇಟ್ಟು ಬೇಗ ಕರೆತರಬೇಕು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಡಿದರೆ ನೋವೂ ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ; ಬೆಳಗ್ಗೆ ಹೊಟ್ಟೆನೋವು, ಕಣ್ಣಿನ ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು ಕಂಡರೆ ತಡಮಾಡಬಾರದು. ಕರ್ನಾಟಕದಲ್ಲಿ 2024ರಿಂದ ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ.

ಸಭೆಯಲ್ಲಿ ಹೆಚ್ಚು ಮನ ಸೆಳೆಯುವುದು ಒಂದು ಚಿಕ್ಕ ಗಾಜಿನ ಕೊಳವೆ. ಕಡಿತಕ್ಕೊಳಗಾದವರ ಎರಡು ಮಿಲಿಲೀಟರ್ ರಕ್ತವನ್ನು ಅದರಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ವಾಲಿಸುತ್ತೇವೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ಆಸ್ಪತ್ರೆಗೆ ಬಂದವರನ್ನು ಸುಮ್ಮನೆ ಕೂರಿಸಿದರು ಎಂಬ ದೂರು ಎಷ್ಟೋ ಬಾರಿ ಈ ಇಪ್ಪತ್ತು ನಿಮಿಷದ್ದು. ಕಾರಣ ತಿಳಿದ ಮೇಲೆ ಜನ ಕಾಯುತ್ತಾರೆ.

ಪ್ರತಿವಿಷ ಬರುವುದು ಎಲ್ಲಿಂದ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅದರ ರಕ್ತದಿಂದ ತಯಾರಿಸುತ್ತಾರೆ ಎನ್ನುವುದರ ಜೊತೆಗೆ, ಆ ವಿಷವನ್ನು ಬಹುಮಟ್ಟಿಗೆ ಒದಗಿಸುತ್ತ ಬಂದದ್ದು ಚೆನ್ನೈ ಸಮೀಪದಲ್ಲಿ 1978ರಲ್ಲಿ ಆರಂಭವಾದ, ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರ ಸಹಕಾರ ಸಂಘ ಎಂದೂ ಹೇಳುತ್ತೇನೆ. ಹಾವನ್ನು ಅದರ ಜಾಡಿನಿಂದಲೇ ಗುರುತಿಸಬಲ್ಲ ಅವರ ಕೌಶಲಕ್ಕೆ ಪದವಿಯ ಹೆಸರಿಲ್ಲ, ಆದರೆ ನನ್ನ ಔಷಧದ ಕಪಾಟು ನಿಂತಿರುವುದು ಅದರ ಮೇಲೆ.

ಉತ್ತರ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ವೈದ್ಯರ ಕೊನೆಯ ಮಾತನ್ನು ಮುಂದುವರಿಸುತ್ತೇನೆ. ನಮ್ಮ ತೋಟಗಳಲ್ಲಿ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಹಿಂದೆ ಹುಲ್ಲಿನ ಹೊದಿಕೆಯಾದ ಕೊಟ್ಟೆಯನ್ನು ಗೊನೆಗೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, 1910ರ ಹೊತ್ತಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಇವತ್ತಿಗೂ ನಮ್ಮ ಲೆಕ್ಕ. ಹದ ತಪ್ಪಿತೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವೆ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಒಬ್ಬ ವಿಜ್ಞಾನಿಯ ಮಾತು ನೂರು ವರ್ಷ ಉಳಿದದ್ದು, ಅದು ಬೆಳೆಗಾರನ ಕೈಯಲ್ಲೇ ಪರೀಕ್ಷೆಯಾಗಬಲ್ಲ ರೂಪದಲ್ಲಿ ಬಂದಿದ್ದರಿಂದ.

ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ನಿಲುವು ಕೃಷಿಕರ ಕೈಗೆ ಲೇಖನಿ ಕೊಡುವುದು. ನಿಮ್ಮ ಕೇಂದ್ರದಲ್ಲೂ ಎರಡು ತಿಂಗಳಿಗೊಮ್ಮೆ ಹೊರಗಿನವರ ಬದಲು ಊರಿನವರನ್ನೇ ಕೂರಿಸಿ ಮಾತನಾಡಿಸಿ, ಬಂದ ತಜ್ಞರು ಕೇಳುಗರಾಗಿ ಕೂರಲಿ.

ಉತ್ತರ: ಹವ್ಯಾಸಿ ಪತ್ರಕರ್ತ, ಮೈಸೂರು

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ, ನಾನು ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಹೃದಯತಜ್ಞರು ಹೃದಯದ ಬಗ್ಗೆ ಹೇಳಿದ್ದನ್ನು ನಂಬಬಹುದು, ಅವರೇ ಗೊಬ್ಬರದ ಬಗ್ಗೆ ಹೇಳಿದ್ದು ನನ್ನ ಮಾತಿಗಿಂತ ಮೇಲೇನಲ್ಲ. ತಮ್ಮ ಕ್ಷೇತ್ರ ಎಲ್ಲಿಗೆ ಮುಗಿಯುತ್ತದೆ ಎಂದು ವೇದಿಕೆಯ ಮೇಲೆ ಅವರೇ ಹೇಳುವಂತೆ ವಿನಂತಿಸಿ. ಎರಡನೆಯದಾಗಿ, ಉಚಿತವಾಗಿ ಬರುವ ತಜ್ಞರ ಪ್ರಯಾಣದ ಖರ್ಚನ್ನು ಯಾರು ಕೊಡುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ಬೀಜ, ಔಷಧ, ವಿಮೆ ಮಾರುವವರು ಕಳುಹಿಸಿದವರಾದರೆ ಕರೆಯಲೇಬಾರದೆಂದಲ್ಲ, ಸಭೆಗೆ ಅದು ಮೊದಲೇ ಗೊತ್ತಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪ್ರತಿ ತಿಂಗಳ ಎರಡನೆಯ ಶನಿವಾರ, ಸಂಜೆಯ ಹಾಲು ಹಾಕಿ ಬಂದ ಮೇಲೆ ಎಂದು ನಿಗದಿ ಮಾಡಲು ಪಂಚಾಯಿತಿ ಅಧ್ಯಕ್ಷರ ಜೊತೆ ಮಾತನಾಡಿದ್ದೇನೆ. ಅವರ ಭಾಷಣವನ್ನು ಬಿಡುವ ವಿಷಯವನ್ನು ಮಾತ್ರ ಇನ್ನೂ ಎತ್ತಿಲ್ಲ. ಕೊಳವೆಬಾವಿಯ ನೋಟ್‌ಬುಕ್ಕಿಗೆ ಗೆರೆ ಹಾಕುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಪ್ಪಿಸಿದ್ದೇನೆ. ತೆಂಗಿನಕಾಯಿಯಿಂದ ಪಾಯಿಂಟ್ ಮಾಡಿಸಿದ ರೈತರನ್ನೂ ಕೇಳಿದೆ. ಅಳತೆಗಳನ್ನು ಕೊಡಲು ಒಪ್ಪಿದ್ದಾರೆ. ಭೂವಿಜ್ಞಾನಿ ಸರ್, ಬಳಕೆಯಿಲ್ಲದ ಬಾವಿಯ ನೀರಿನ ಮಟ್ಟವನ್ನು ಮಕ್ಕಳು ಅಪಾಯವಿಲ್ಲದೆ ಅಳೆಯಲು ಯಾವ ವಿಧಾನ ಬಳಸಬೇಕು, ಬಾಯಿ ಮುಚ್ಚಿಲ್ಲದ ಬಾವಿಗಳ ಬಳಿ ಏನು ಎಚ್ಚರ ವಹಿಸಬೇಕು ಎಂಬುದನ್ನು ದಯವಿಟ್ಟು ಬರೆಯಿರಿ.