ಟೀಯೆಕೆ ಹಕ್ಕಿ: ಉತ್ತರದ್ದಕ್ಕೂ ದಕ್ಷಿಣದ್ದಕ್ಕೂ ಏನು ವ್ಯತ್ಯಾಸ?

ಸುಮಾ_ಮೈಸೂರು:
ಮಗಳ ಮನೆಗೆ ಆಕ್ಲೆಂಡಿಗೆ ಬಂದಿದ್ದೇನೆ. ಮೊನ್ನೆ ಟಿರಿಟಿರಿ ಮಟಂಗಿ ದ್ವೀಪಕ್ಕೆ ಹೋಗಿದ್ವಿ. ದೋಣಿ ಹತ್ತೋ ಮುಂಚೆ ಬ್ಯಾಗಲ್ಲಿ ಇಲಿ, ಇರುವೆ, ಬೀಜ ಇಲ್ಲ ತಾನೇ ಅಂತ ನೋಡ್ಕೊಳ್ಳಿ ಅಂದ್ರು, ಶೂ ತಳ ಉಜ್ಜಿಸಿದ್ರು. ಅಲ್ಲಿ ಮೈನಾದಷ್ಟು ದೊಡ್ಡ ಕರಿ ಹಕ್ಕಿ ಕಂಡೆ. ಬೆನ್ನ ಮೇಲೆ ಇಟ್ಟಿಗೆ ಬಣ್ಣದ ಪಟ್ಟೆ, ಕೊಕ್ಕಿನ ಬುಡದಲ್ಲಿ ಜೋತುಬಿದ್ದ ಕೆಂಪು ತೊಗಲು. ಇದು ನ್ಯೂಜಿಲೆಂಡಿನ ಉತ್ತರ ದ್ವೀಪದ ಟೀಯೆಕೆ, ದಕ್ಷಿಣ ದ್ವೀಪದ್ದು ಬೇರೆ ಅಂದ್ರು ಗೈಡ್. ವ್ಯತ್ಯಾಸ ಏನು? ಇಲಿಗೆ ಇಷ್ಟು ಹೆದರೋದು ಯಾಕೆ?

ವೆಲಿಂಗ್ಟನ್_ವಾಸಿ:
ಮೇಡಂ, ಫಿಲೆಸ್ಟರ್ನಸ್ ಕುಲದಲ್ಲಿ ಇರೋದೇ ಈ ಎರಡು. ನೀವು ನೋಡಿದ್ದಕ್ಕೆ ಪಟ್ಟೆಯ ಮೇಲಂಚಲ್ಲಿ ತೆಳ್ಳಗೆ ಹಳದಿ ಗೆರೆ ಇರುತ್ತೆ, ದಕ್ಷಿಣದ್ದಕ್ಕಿಲ್ಲ. ಮರಿಗಳಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತೆ. ಉತ್ತರದ ಮರಿ ಹೆಚ್ಚುಕಮ್ಮಿ ದೊಡ್ಡವರ ಥರಾನೇ; ದಕ್ಷಿಣದ್ದು ಸುಮಾರು ಒಂದು ವರ್ಷ ಮೈಪೂರಾ ಕಂದು, ಪಟ್ಟೆಯೇ ಇಲ್ಲ. ಹಿಂದೆ ಅದನ್ನ ‘ಜ್ಯಾಕ್‌ಬರ್ಡ್’ ಅನ್ನೋ ಬೇರೆ ಹಕ್ಕಿ ಅಂತಲೇ ತಿಳಿದಿದ್ರು.

ಇಲಿ ವಿಷಯ ಕೇಳಿದ್ದು ಒಳ್ಳೇದಾಯ್ತು. ದಕ್ಷಿಣದ ಟೀಯೆಕೆ ಕೊನೆಗೆ ಉಳಿದಿದ್ದು ಸ್ಟೀವರ್ಟ್ ದ್ವೀಪದಾಚೆಯ ಬಿಗ್ ಸೌತ್ ಕೇಪ್ ದ್ವೀಪದಲ್ಲಿ, ಅದರ ಮಗ್ಗುಲಿನ ಸಣ್ಣ ನಡುಗಡ್ಡೆಗಳಲ್ಲಿ. ಅಲ್ಲಿಗೂ ಹಡಗಿನ ಇಲಿ ಹೊಕ್ಕಿತು. 1964ರಲ್ಲಿ ಮಟನ್‌ಬರ್ಡ್ ಅನ್ನೋ ಕಡಲಹಕ್ಕಿ ಹಿಡಿಯೋಕೆ ಹೋದವರು ಇಲಿಕಾಟ ಕಂಡು ಸುದ್ದಿ ಮುಟ್ಟಿಸಿದ್ರು. ಇಲಿಯಿಂದ ಅಂಥ ಅಪಾಯವೇನಿಲ್ಲ, ಸುಮ್ಮನೆ ಬಿಟ್ಟು ನೋಡೋಣ ಅಂದ ವಿಜ್ಞಾನಿಗಳೂ ಇದ್ರು. ವನ್ಯಜೀವಿ ಇಲಾಖೆಯ ಡಾನ್ ಮರ್ಟನ್, ಬ್ರಯಾನ್ ಬೆಲ್ ಮುಂತಾದವರು ಕಾಯಲಿಲ್ಲ; 36 ಟೀಯೆಕೆ ಹಿಡಿದು ಇಲಿಯಿಲ್ಲದ ದ್ವೀಪಗಳಿಗೆ ಒಯ್ದರು. ಇವತ್ತಿರೋ ದಕ್ಷಿಣದ ಟೀಯೆಕೆಗಳೆಲ್ಲ ಅವುಗಳದ್ದೇ ಸಂತಾನ. ಅದೇ ದ್ವೀಪದ ಬುಷ್ ರೆನ್ ಹಕ್ಕಿ, ಅಲ್ಲಿನ ಜಾತಿಯ ಸ್ನೈಪ್ ಹಕ್ಕಿ, ದೊಡ್ಡ ಕಿರುಬಾಲದ ಬಾವಲಿ ಮೂರೂ ನಿರ್ನಾಮ ಆದವು. ಇದನ್ನ ಬರೆಯೋವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಟೀಯೆಕೆಗೆ ದೂರ ಹಾರೋಕಾಗಲ್ಲ. ಗೂಡು ಕಟ್ಟೋದೂ ರಾತ್ರಿ ಮಲಗೋದೂ ಹೆಚ್ಚಾಗಿ ನೆಲದ ಹತ್ತಿರದ ಪೊಟರೆಯಲ್ಲಿ. ಇಲಿ ನುಗ್ಗಿದ್ರೆ ಮೊಟ್ಟೆ, ಮರಿ, ಕಾವಿಗೆ ಕೂತ ತಾಯಿ ಯಾವುದೂ ಉಳಿಯಲ್ಲ. ಅದಕ್ಕೇ ಬ್ಯಾಗ್ ನೋಡೋದು. ದಯವಿಟ್ಟು ಯಾರೂ ಬೇಜಾರು ಮಾಡ್ಕೋಬೇಡಿ.

ಕೊಪ್ಪದ_ಹುಡುಗ:
ಉತ್ತರದ್ದು ಹೇಗೆ ಉಳೀತು ಸರ್?

ವೆಲಿಂಗ್ಟನ್_ವಾಸಿ:
ಅದೂ ಹೆನ್ ಅನ್ನೋ ಒಂದೇ ದ್ವೀಪದಲ್ಲಿ ಉಳಿದಿತ್ತು. 1964ರಿಂದ ಒಂದೊಂದೇ ದ್ವೀಪಕ್ಕೆ ಹಂಚಿದ್ರು, ಟಿರಿಟಿರಿಗೆ ಬಂದಿದ್ದು 1984ರಲ್ಲಿ. ಇನ್ನೊಂದು ಸೊಗಸು ಕೇಳಿ: ಇವಕ್ಕೆ ಊರೂರಿಗೂ ಬೇರೆ ಹಾಡು. 1970ರ ದಶಕದಲ್ಲಿ ಪೀಟರ್ ಜೆಂಕಿನ್ಸ್ ಅನ್ನೋ ಸಂಶೋಧಕರು ಕುವಿಯರ್ ದ್ವೀಪದಲ್ಲಿ ಗಮನಿಸಿದ್ರು, ಗಂಡುಮರಿ ಅಪ್ಪನ ಹಾಡು ಹಾಡಲ್ಲ, ನೆಲೆ ನಿಂತ ಕಡೆಯ ನೆರೆಯವರದ್ದನ್ನ ಕಲಿಯುತ್ತೆ.

ಸುಮಾ_ಮೈಸೂರು:
ತುಂಬಾ ಥ್ಯಾಂಕ್ಸ್ ಸರ್. ಅದರ ಹಿಂದೆ ಹಿಂದೆನೇ ಬೀಸಣಿಗೆ ಬಾಲದ ಪುಟ್ಟ ಹಕ್ಕಿ ಹಾರಾಡ್ತಿತ್ತಲ್ಲ, ಅದು?

ವೆಲಿಂಗ್ಟನ್_ವಾಸಿ:
ಫ್ಯಾನ್‌ಟೇಲ್. ಟೀಯೆಕೆ ಕೊಕ್ಕು ತೂರಿಸಿ ತೊಗಟೆ ಎಬ್ಬಿಸಿದಾಗ ಹಾರೋ ಹುಳ ಹಿಡಿಯೋಕೆ ಹಿಂದೆ ಬೀಳುತ್ತೆ. ವೆಲಿಂಗ್ಟನ್ ಕಡೆ ಬಂದ್ರೆ ಝೀಲ್ಯಾಂಡಿಯಾ ಅನ್ನೋ ವನ್ಯಜೀವಿ ಧಾಮಕ್ಕೆ ಹೋಗಿ ಮೇಡಂ. ಇಲಿ ನುಸುಳದ ಬೇಲಿ ಹಾಕಿದ್ದಾರೆ, 2002ರಿಂದ ಟೀಯೆಕೆ ಅಲ್ಲೂ ಇದೆ.