ಮೆಟ್ರೋ ಸುರಂಗಕ್ಕೆ ಇಳಿದ್ರೆ ಭಯ, ಏನ್ ಮಾಡ್ಲಿ?

ಪ್ರಶ್ನೆ: ಎಂಜಿ ರೋಡ್ ದಾಟಿ ಮೆಟ್ರೋ ಸುರಂಗಕ್ಕೆ ಇಳೀತಿದ್ದ ಹಾಗೇ ಎದೆ ಡವಡವ ಅಂತ ಹೊಡ್ಕೊಳತ್ತೆ, ಅಂಗೈ ಬೆವರತ್ತೆ, ಉಸಿರು ಕಟ್ಟಿದ ಹಾಗಾಗಿ ಮುಂದಿನ ಸ್ಟೇಷನ್ನಲ್ಲೇ ಇಳಿದುಬಿಡ್ತೀನಿ. ಆಫೀಸಿಗೆ ಇದೇ ದಾರಿ. ಯಾರಿಗಾದ್ರೂ ಹೀಗಾಗಿದ್ಯಾ?

ಉತ್ತರ: ಮೊದ್ಲು ಡಾಕ್ಟ್ರ ಹತ್ರ ಥೈರಾಯ್ಡ್, ಇಸಿಜಿ ನೋಡಿಸ್ಕೊಳ್ಳಿ ಮೇಡಂ. ಅದು ಸರಿ ಇದ್ರೆ ಇದು ಅಡ್ರಿನಲಿನ್ (ಭಯ ಆದಾಗ ಮೈಯಲ್ಲಿ ಏರೋ ಹಾರ್ಮೋನ್) ಕೆಲಸ, ಸಾಮಾನ್ಯವಾಗಿ 10 ನಿಮಿಷದೊಳಗೆ ಜೋರಾಗಿ ಏರಿ ಆಮೇಲೆ ತಾನಾಗೇ ಇಳಿಯತ್ತೆ. ನೀವು ಮಧ್ಯದಲ್ಲೇ ಇಳಿದುಬಿಟ್ರೆ ಮನಸ್ಸು 'ಓಡಿಬಂದಿದ್ಕೇ ಬಚಾವಾದೆ' ಅಂತ ಕಲಿಯತ್ತೆ, ಭಯ ಬೇರೂರೋದೇ ಅಲ್ಲಿ.

ಉತ್ತರ: ನಮ್ಮಕ್ಕಂಗೂ ಇತ್ತು. ರಶ್ ಇಲ್ದಾಗ ಜೊತೆಗೆ ಹೋಗಿ ಕಬ್ಬನ್ ಪಾರ್ಕ್‌ವರೆಗೆ ಒಂದೇ ಸ್ಟಾಪ್, ಅದು ಸಲೀಸಾದ್ಮೇಲೆ ವಿಧಾನಸೌಧ, ಹೀಗೆ ಬೆಳೆಸಿದ್ವಿ. ಉಸಿರು ಎಳ್ಕೊಳ್ಳೋದಕ್ಕಿಂತ ಬಿಡೋದು ನಿಧಾನ ಮಾಡಿ.

ಉತ್ತರ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಆದ್ರೂ ಪರವಾಗಿಲ್ಲ.