ಸಂಗೀತ ರಕ್ತದಲ್ಲೇ ಬರ್ಬೇಕಾ? ಮಾರ್ಸಾಲಿಸ್ ಮನೆ ಕಥೆ ಕೇಳಿ

ಅಕ್ಕಾ, ಮಗಳು ಪಿಟೀಲು ಕ್ಲಾಸ್ ಬಿಟ್ಟು ಸ್ಕೂಲಿನ ಜಾಝ್ (ಅಮೆರಿಕದ ಕಪ್ಪುಜನರಲ್ಲಿ ಹುಟ್ಟಿದ ಸಂಗೀತ) ಬ್ಯಾಂಡ್ ಸೇರ್ತೀನಿ ಅಂತಿದಾಳೆ ಅಂದ್ರಲ್ಲ, ಅದಕ್ಕೆ ಮೇಲಿನ ಕಾಮೆಂಟಲ್ಲಿ ಯಾರೋ "ಅದೆಲ್ಲ ಅಲ್ಲಿನವರ ರಕ್ತದಲ್ಲೇ ಇರುತ್ತೆ, ನಮ್ಮ ಮಕ್ಕಳಿಗೆ ಆಗಿಬರಲ್ಲ" ಅಂತ ಹಾಕಿದಾರೆ. ಅದಕ್ಕೇ ನನ್ನ ತಕರಾರು.

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಎಲಿಸ್ ಮಾರ್ಸಾಲಿಸ್ ಅಂತ, ಜಾಝ್ ಪಿಯಾನೋ ನುಡಿಸ್ತಿದ್ದೋರು, 2020ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಹೋಗ್ಬಿಟ್ರು, 85 ವರ್ಷ. ಆರು ಜನ ಗಂಡುಮಕ್ಕಳು. ಬ್ರಾನ್‌ಫರ್ಡ್ ಸ್ಯಾಕ್ಸೊಫೋನು, ವಿಂಟನ್ ಟ್ರಂಪೆಟ್ಟು, ಡೆಲ್ಫಿಯೋ ಟ್ರಾಂಬೋನು, ಕೊನೇವ್ನು ಜೇಸನ್ ಡ್ರಮ್ಸು. ನೋಡಿ ರಕ್ತ ಅಂದ್ರೆ ಇದೇ ಅಂತೀರಾ? ಎಲಿಸ್ ಅವರಪ್ಪ ಮೋಟೆಲ್ ನಡೆಸ್ತಿದ್ರು! ಬಿಳಿಯರ ಹೋಟೆಲಲ್ಲಿ ಕಪ್ಪುಜನರಿಗೆ ರೂಮ್ ಕೊಡದೇ ಇದ್ದ ಕಾಲ, ಮಾರ್ಟಿನ್ ಲೂಥರ್ ಕಿಂಗ್ ಕೂಡ ಅಲ್ಲಿ ಉಳ್ಕೊಂಡಿದ್ರು. ಇನ್ನು ಆ ಆರು ಮಕ್ಕಳಲ್ಲಿ ಇಬ್ರು ಸಂಗೀತದ ದಾರಿ ಹಿಡೀಲೇ ಇಲ್ಲ, ಅದರಲ್ಲೊಬ್ರು ಫೋಟೋಗ್ರಾಫರ್ ಆದ್ರು.

ನಂಗೆ ತುಂಬಾ ಇಷ್ಟ ಆಗೋದು ವಿಂಟನ್ ಕಥೆ. ಅಪ್ಪ ಆಗ ಆಲ್ ಹರ್ಟ್ ಅನ್ನೋ ದೊಡ್ಡ ಟ್ರಂಪೆಟ್ ವಾದಕರ ಬ್ಯಾಂಡಲ್ಲಿದ್ರು, ಆ ಹರ್ಟ್ ಅವರೇ ಹುಡುಗನಿಗೆ ಆರು ವರ್ಷಕ್ಕೆ ಒಂದು ಟ್ರಂಪೆಟ್ ಕೊಟ್ರು, ಇವ್ನು ಹನ್ನೆರಡು ಆಗೋವರೆಗೂ ಅದನ್ನ ಸೀರಿಯಸ್ಸಾಗಿ ತಗೊಳ್ಲೇ ಇಲ್ಲ. ನಮ್ಮನೆಗಳಲ್ಲಾಗಿದ್ರೆ ಮೂರನೇ ವಾರದಿಂದ್ಲೇ "ಪ್ರಾಕ್ಟೀಸ್ ಮಾಡಿದ್ಯಾ" ಶುರು, ಸರಳೆ ಮುಗಿಯೋ ಮುಂಚೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದೋರ ಮುಂದೆ "ಒಂದು ನುಡ್ಸು ಪುಟ್ಟಾ", ಅದು ಮುಖ ಗಂಟಿಕ್ಕೊಂಡು ನಿಂತಿರುತ್ತೆ, ಆಂಟಿಯರೆಲ್ಲ ಕೋಸಂಬರಿ ತಿಂತಾ ಕಾಯ್ತಿರ್ತಾರೆ. ಆದ್ರೆ ವಿಂಟನ್ 14ಕ್ಕೇ ಊರಿನ ಫಿಲ್‌ಹಾರ್ಮೋನಿಕ್ (ದೊಡ್ಡ ಆರ್ಕೆಸ್ಟ್ರಾ) ಜೊತೆ ಹೇಡನ್ ಅನ್ನೋ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರರ ಟ್ರಂಪೆಟ್ ಕಾನ್ಸರ್ಟೋ ನುಡಿಸ್ದ.

ಹಾಗಂತ ಅವರ ಮನೇಲಿ ದುಡ್ಡು ಸುರೀತಿತ್ತು ಅಂತಲ್ಲ. ಜಾಝ್ ನಂಬ್ಕೊಂಡು ಆರು ಮಕ್ಕಳನ್ನ ಸಾಕೋದು ಆಗದ ಮಾತು, ಎಲಿಸ್ ಪಾಠ ಹೇಳ್ತಿದ್ರು. 1974ರಿಂದ ನಾಕಾ ಅಂತ ಅಲ್ಲಿನ ಸರ್ಕಾರಿ ಕಲಾಶಾಲೆ, ಆಮೇಲೆ ಯೂನಿವರ್ಸಿಟಿ. ಮಜಾ ಏನಂದ್ರೆ ನಾಕಾದಲ್ಲಿ ಅವರ ಹತ್ರ ಕಲಿತೋರು ಯಾರ್ಯಾರು ಅಂತ ನೋಡಿ: ಟ್ರಂಪೆಟ್ ನುಡಿಸೋ ಟೆರೆನ್ಸ್ ಬ್ಲಾಂಚರ್ಡ್, ಹಾಡೋ, ಪಿಯಾನೋ ನುಡಿಸೋ ಹ್ಯಾರಿ ಕಾನಿಕ್ ಜೂನಿಯರ್, ಸ್ಯಾಕ್ಸೊಫೋನಿನ ಡೊನಾಲ್ಡ್ ಹ್ಯಾರಿಸನ್. ಇವರ್ಯಾರೂ ಮಾರ್ಸಾಲಿಸ್ ರಕ್ತ ಅಲ್ಲವಲ್ಲ? ಒಳ್ಳೆ ಮೇಷ್ಟ್ರು, ಫೀಸಿಲ್ಲದ ಶಾಲೆ, ಬೀದಿಬೀದೀಲಿ ಬ್ಯಾಂಡ್ ಕೇಳೋ ಊರು, ಇಷ್ಟೇ.

ಆದ್ದರಿಂದ ಅಕ್ಕಾ, ಸೇರಿಸ್ಬಿಡಿ. ಎಲಿಸ್ ಅವರೇ ಶುರು ಮಾಡಿದ್ದು ಕ್ಲಾರಿನೆಟ್, ಆಮೇಲೆ ಸ್ಯಾಕ್ಸ್, ಪಿಯಾನೋಗೆ ಬಂದಿದ್ದು ಕೊನೆಗೆ, ನಿಮ್ಮ ಮಗಳೂ ಒಂದು ಬಿಟ್ಟು ಇನ್ನೊಂದು ಹಿಡಿದ್ರೆ ಏನೂ ಮುಳುಗಿಹೋಗಲ್ಲ. ವಾದ್ಯ ಮಾತ್ರ ಮೊದಲು ಬಾಡಿಗೆಗೆ ತಗೊಳ್ಳಿ. ಪಿಟೀಲು ಬಿಟ್ಟು ಸ್ಯಾಕ್ಸ್ ಹಿಡಿದ್ಲು ಅಂತ ಊರಲ್ಲಿರೋ ಅಜ್ಜಿ ಬೇಜಾರು ಮಾಡ್ಕೊಂಡ್ರೆ ಕದ್ರಿ ಗೋಪಾಲನಾಥ್ ಅವರ ಕಛೇರಿ ಹಾಕಿ ಕೇಳ್ಸಿ, ನಾಗಸ್ವರದ ಮನೇಲಿ ಹುಟ್ಟಿದವರು, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದೋರು. ಅಜ್ಜಿ ಅದಕ್ಕೂ ಒಪ್ಲಿಲ್ಲ ಅಂದ್ರೆ ನಂಗೆ ಮೆಸೇಜ್ ಮಾಡಿ, ನಮ್ಮಮ್ಮನ ಕೈಲಿ ಫೋನ್ ಮಾಡಿಸ್ತೀನಿ.